ಜೀಪಿನ ಹಿಂದಿನ ಹೌಸಿಂಗ್ ಬಿಚ್ಚಿದ ದಸರೆ

ಮಾಮಾ ಜೀಪನ್ನು ಗೇಟಿನ ಕಂಬಕ್ಕೆ ಉಜ್ಜಿದ್ದು ಅದು ಎರಡನೇ ಸಲ. ಮೊದಲ ಸಲ ಕಂಬದ ಸುಣ್ಣವಷ್ಟೇ ಹೋಗಿತ್ತು, ಈ ಸಲ ಇಟ್ಟಿಗೆಯೇ ಕಳಚಿ ಬಿತ್ತು. ಅಕ್ಕ ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದಳು. ಬಿದ್ದ ಇಟ್ಟಿಗೆ ನೋಡಿದಳು, ಸ್ಟೇರಿಂಗ್ ಹಿಡಿದು ಕೂತಿದ್ದ ಗಂಡನ ಮುಖ ನೋಡಿದಳು.

"ಸಾಕ್ರಿ ಇನ್ನ. ಗಾಡಿ ಓಡಸೂದು ಬಿಡ್ರಿ. ನಿಮಗ ಕಣ್ಣು ಕಾಣವಲ್ದು," ಎಂದಳು.

"ಕಣ್ಣಿಗೇನಾಗೇತಿ? ಇದು ಹಿಂದಿನ ಹೌಸಿಂಗಿಂದು. ಎಕ್ಸಿಲರೇಟರ್ ಮುಟ್ಟಿದ್ರ ಸಾಕು, ಹಿಂದಿಂದ ಒದ್ದಂಗ ಧಡಕ್ ಅಂತೈತಿ. ಗಾಡಿ ತನಗ ಬೇಕಾದ ಕಡೆ ಜಿಗೀತೈತಿ. ನಾ ಏನ್ ಮಾಡ್ಲಿ?"

ರಾಯಚೂರು ಕಡೆಯವರಾದ ನಮ್ಮಲ್ಲಿ ಅಕ್ಕನ ಗಂಡನಿಗೆ ಮಾಮಾ ಎನ್ನುವುದು ರೂಢಿ. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟರ್ ಕೆಲಸ ಸಿಕ್ಕಾಗ ನಾನು ಹೈದರಾಬಾದಿಗೆ ಬಂದು, ಸಿಕಂದರಾಬಾದಿನ ದಂಡು ಪ್ರದೇಶದ ಅಂಚಿನಲ್ಲಿದ್ದ ಅಕ್ಕ ಮಾಮಾರ ಮನೆಯಲ್ಲೇ ಉಳಿದುಕೊಂಡಿದ್ದೆ. ಆಗ ಊರಿನ ಪಶ್ಚಿಮಕ್ಕೆ ಬಂಡೆಗಳನ್ನು ಸಿಡಿಸಿ ಸಿಡಿಸಿ ಗಾಜಿನ ಕಟ್ಟಡ ಏಳಿಸುತ್ತಿದ್ದರು. ನಮ್ಮ ಆಫೀಸಿನ ಕಿಟಕಿಗಳು ದಿನಕ್ಕೆ ಎಷ್ಟೋ ಸಲ ನಡುಗುತ್ತಿದ್ದವು. ಹುಡುಗಿಯನ್ನು ಪರಊರಿಗೆ ಕಳಿಸುವುದಿಲ್ಲ ಎಂದು ಹಟ ಹಿಡಿದಿದ್ದ ನಮ್ಮಪ್ಪನನ್ನು ಒಪ್ಪಿಸಿ ನನ್ನನ್ನು ಕರೆತಂದವರು ಮಾಮಾ. ನನಗೆ ಜೀಪು ಓಡಿಸಲು ಕಲಿಸಿದವರೂ ಅವರೇ. ನಾನು ಅವರನ್ನು ಅಪ್ಪನಿಗಿಂತ ಒಂದು ಹಿಡಿ ಹೆಚ್ಚೇ ಹಚ್ಚಿಕೊಂಡಿದ್ದೆ, ಅಪ್ಪನ ಜೊತೆ ಆಡಿದ್ದಕ್ಕಿಂತ ಹೆಚ್ಚೇ ಜಗಳವನ್ನೂ ಆಡುತ್ತಿದ್ದೆ.

ಅವರದು ಬೋರ್‌ವೆಲ್ ಪಂಪಿನ ವ್ಯಾಪಾರ. ರಾಣಿಗಂಜಿನಲ್ಲಿ ಅಂಗಡಿ ಇತ್ತು. ಆದರೆ ಅಂಗಡಿಯಲ್ಲಿ ಕೂತು ಮಾರುವುದು ಅವರಿಗೆ ಸೇರುತ್ತಿರಲಿಲ್ಲ. ಮಿಲಿಟರಿಯವರು ಹರಾಜು ಹಾಕಿದ ಹಳೇ ಜೀಪೊಂದನ್ನು ಕೊಂಡು, ಮೆದಕ್ ಕಡೆಯ ಹೊಲಗಳಿಗೆ, ದಾರಿಯೇ ಇಲ್ಲದ ಕಲ್ಲುಗುಡ್ಡಗಳ ಸಂದಿಗೆ ಪಂಪು ಹೇರಿಕೊಂಡು ತಾವೇ ಹೋಗುತ್ತಿದ್ದರು. ಶುಗರ್ ಕಣ್ಣಿಗೆ ಇಳಿದಿದೆ, ಮತ್ತೆ ಬಂದು ತೋರಿಸಿ, ಅಲ್ಲಿಯವರೆಗೆ ಜೋಪಾನ ಎಂದು ಕಣ್ಣಿನ ಡಾಕ್ಟರು ಹೇಳಿ ವರ್ಷವಾಗಿತ್ತು. ಇವರು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಡ್ರೈವರನ್ನಾದರೂ ಇಟ್ಟುಕೊಳ್ಳಿ ಎಂದರೆ, "ಡ್ರೈವರನ್ನ ಇಟ್ಕೊಂಡು ಹೊಲಕ್ಕ ಹೋಗಾಂವ ವ್ಯಾಪಾರಿ ಅಲ್ಲ, ಸಾಹುಕಾರ," ಎಂದು ಬಾಯಿ ಮುಚ್ಚಿಸುತ್ತಿದ್ದರು.

ಹೌಸಿಂಗಿನ ಬಗ್ಗೆ ಅವರು ಹೇಳಿದ್ದು ಪೂರಾ ಸುಳ್ಳಾಗಿರಲಿಲ್ಲ. ಜೀಪಿನ ಹಿಂದಿನ ಎರಡು ಗಾಲಿಗಳ ನಡುವೆ ಕುಂಬಳಕಾಯಿಯಷ್ಟು ದಪ್ಪನೆಯ ಉಬ್ಬು ಇರುತ್ತದಲ್ಲ, ಅದೇ ಹೌಸಿಂಗ್. ಅದರೊಳಗೆ ಕ್ರೌನ್ ಎಂಬ ದೊಡ್ಡ ಹಲ್ಲಿನ ಚಕ್ರ, ಅದನ್ನು ತಿರುಗಿಸುವ ಪಿನಿಯನ್ ಎಂಬ ಸಣ್ಣ ಚಕ್ರ. ಎರಡರ ಹಲ್ಲು ಸರಿಯಾಗಿ ಕೂಡದಿದ್ದರೆ ಗಾಡಿ ಊಳಿಡುತ್ತದೆ, ಒದೆಯುತ್ತದೆ. ನಮ್ಮದು ಎರಡನ್ನೂ ಮಾಡುತ್ತಿತ್ತು. ಆದರೆ ಒದೆಯುವ ಗಾಡಿಯನ್ನೂ ನಾನು ಅದೇ ಗೇಟಿನಲ್ಲಿ ಕಂಬ ಮುಟ್ಟಿಸದೆ ತರುತ್ತಿದ್ದೆ. ಅದನ್ನು ಬಾಯಿ ಬಿಟ್ಟು ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಕಂಬದ ಮುಂದೆಯೇ ಮಾತಿಗೆ ಮಾತು ಬೆಳೆದು ಕೊನೆಗೆ ಕರಾರು ಆಯಿತು. ಹೌಸಿಂಗನ್ನು ಮಾಮಾ ತಾವೇ ಬಿಚ್ಚಿ ತಾವೇ ಕೂಡಿಸುವುದು. ಸದ್ದು, ಒದೆತ ಹೋದ ಮೇಲೂ ಗಾಡಿ ಸೀದಾ ಹೋಗದಿದ್ದರೆ ಅವರು ಇನ್ನೆಂದೂ ಸ್ಟೇರಿಂಗ್ ಹಿಡಿಯಬಾರದು. ಹೋದರೆ ಅಕ್ಕ ಇನ್ನೆಂದೂ ಕಣ್ಣಿನ ಮಾತೆತ್ತಬಾರದು.

"ಆದ್ರ ಇಕಿ ಬಾಜೂಕ ಇರ್ಬೇಕು, ಕೂಡಸೂ ಮುಂದನೂ, ಓಡಸೂ ಮುಂದನೂ. ಇಕಿ ಹೇಳಿದ್ದ ಖರೆ," ಎಂದು ಅಕ್ಕ ನನ್ನ ಕಡೆ ಬೆರಳು ತೋರಿಸಿದಳು.

"ನಡೀಲಿ. ಟೆಸ್ಟರ್ ಬಾಯಿನ ಅಲ್ಲೇನು, ನೋಡ್ಲಿ ಟೆಸ್ಟ್ ಮಾಡಿ," ಎಂದರು ಮಾಮಾ ನಗುತ್ತ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯ ಕೂಸು ನಾನಾದೆ. ಗಾಡಿ ಸೀದಾ ಹೋಯಿತೆಂದರೆ ಅಕ್ಕ ಸೋಲುತ್ತಾಳೆ, ಇಲ್ಲವೆಂದರೆ ಮಾಮಾ ಕುಸಿಯುತ್ತಾರೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಆ ದಿನ ಇಬ್ಬರ ಮೇಲೂ ಸಿಟ್ಟು ಬಂದು ಊಟ ಬಿಟ್ಟೆ. ಊಟಕ್ಕೆ ಏಳು ಎಂದು ಇಬ್ಬರಲ್ಲಿ ಒಬ್ಬರೂ ಕರೆಯಲಿಲ್ಲ.

ದಸರೆಯ ರಜೆಗೆ ಮುಂಚೆಯೇ ಕೆಲಸ ಶುರುವಾಯಿತು. ತಗಡಿನ ಶೆಡ್ಡಿನಲ್ಲಿ ಜೀಪಿನ ಹಿಂಭಾಗ ಎತ್ತಿ ನಿಲ್ಲಿಸಿ, ಗಾಲಿ ತೆಗೆದು, ಹೌಸಿಂಗಿನ ಮುಚ್ಚಳ ಬಿಚ್ಚಿದೆವು. ಕಪ್ಪು ಎಣ್ಣೆ ಬೋಗುಣಿಗೆ ಸುರಿಯಿತು, ಅದರಲ್ಲಿ ಕಬ್ಬಿಣದ ಪುಡಿ ಮಿರಮಿರ ಹೊಳೆಯುತ್ತಿತ್ತು. "ಕಂಡ್ಯಾ? ಬೇರಿಂಗ್ ತಿಂದು ಹಾಕೇತಿ. ನಾ ಹೇಳಿದ್ದು ಸುಳ್ಳಲ್ಲ," ಎಂದು ಮಾಮಾ ನನ್ನನ್ನು ನೋಡಿದರು. ಅವರ ಮುಖದಲ್ಲಿದ್ದ ಸಮಾಧಾನ ನೋಡಿ ನನಗೂ ಹಗುರವಾಯಿತು.

ಕ್ರೌನನ್ನು ಹೌಸಿಂಗಿನೊಳಗೆ ಹಿಡಿದಿಡುವುದು ಎಡಕ್ಕೊಂದು ಬಲಕ್ಕೊಂದು ಕ್ಯಾಪು, ಅರ್ಧ ಬಳೆಯ ಆಕಾರದ ಗಟ್ಟಿ ಕಬ್ಬಿಣ. ಎರಡೂ ನೋಡಲು ಒಂದೇ. ಆದರೆ ಕಾರ್ಖಾನೆಯಲ್ಲಿ ಅವನ್ನು ಹೌಸಿಂಗಿಗೆ ಬಿಗಿದೇ ಒಳಗಿನ ದುಂಡು ಕೊರೆದಿರುತ್ತಾರೆ. ಹಾಗಾಗಿ ಎಡದ್ದು ಎಡಕ್ಕೇ ಕೂಡಬೇಕು, ಬಲದ್ದು ಬಲಕ್ಕೇ. ಅದಲು ಬದಲಾದರೆ ಬೇರಿಂಗಿನ ಕತ್ತು ಹಿಸುಕಿದಂತಾಗುತ್ತದೆ. ಬಿಚ್ಚುವ ಮೊದಲೇ ಮಾಮಾ ಪಂಚು ಸುತ್ತಿಗೆ ಹಿಡಿದು ಎಡದ ಕ್ಯಾಪಿಗೆ ಒಂದು ಚುಕ್ಕೆ, ಬಲದ್ದಕ್ಕೆ ಎರಡು ಚುಕ್ಕೆ ಹೊಡೆದರು. ಆಮೇಲೆ ಎಲ್ಲ ಸಾಮಾನನ್ನೂ ಪಡಸಾಲೆಯಲ್ಲಿ ಹಾಸಿದ ಪೇಪರಿನ ಮೇಲೆ, ಎಡದ್ದು ಎಡಕ್ಕೆ ಬಲದ್ದು ಬಲಕ್ಕೆ, ಸಾಲಾಗಿ ಜೋಡಿಸಿದರು. ರಾಣಿಗಂಜಿನಿಂದ ಹೊಸ ಬೇರಿಂಗ್ ತಂದದ್ದೂ ಆಯಿತು.

ಅಷ್ಟರಲ್ಲಿ ಖಂಡೇ ಪೂಜೆ, ಅಂದರೆ ಆಯುಧ ಪೂಜೆ ಬಂತು.

ಆಯುಧಕ್ಕೆ ಆ ದಿನ ಕೆಲಸ ಹೇಳುವಂತಿಲ್ಲ, ಬೋಲ್ಟು ಬಿಚ್ಚುವ ಪಾನಾ ಮುಟ್ಟುವಂತಿಲ್ಲ. ನಾವಿಬ್ಬರೂ ಅಂಗಡಿಯ ಪೂಜೆಗೆಂದು ಹೊರಟೆವು. ತಿರುಗಿ ಬಂದಾಗ ಪಡಸಾಲೆಯ ಪೇಪರು ಖಾಲಿ. ದೇವರ ಮುಂದಿನ ಮಣೆಯ ಮೇಲೆ ಕೆಂಪು ವಸ್ತ್ರ ಹಾಸಿ, ಅಕ್ಕ ನಮ್ಮ ಹೌಸಿಂಗಿನ ಸಾಮಾನನ್ನೆಲ್ಲ ದೊಡ್ಡದರಿಂದ ಸಣ್ಣದರವರೆಗೆ ಬಲು ಚಂದಾಗಿ ಇಟ್ಟಿದ್ದಳು. ನಡುವೆ ಕ್ರೌನ್, ಅದರ ಎರಡೂ ಬದಿಗೆ ಎರಡು ಕ್ಯಾಪು, ಮುಂದೆ ಸಂದು ತುಂಬಲು ಇಡುವ, ತೆಳು ತಗಡಿನ ಬಿಲ್ಲೆಗಳಂಥ ಶಿಮ್ಮುಗಳ ಸಾಲು. ಎಲ್ಲವನ್ನೂ ತಿಕ್ಕಿ ತೊಳೆದು, ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡು ಹೂ ಏರಿಸಿದ್ದಳು. ನಾನು ತಲೆ ಮೇಲೆ ಕೈ ಇಟ್ಟುಕೊಂಡೆ.

"ಅಕ್ಕಾ, ಎಡ ಯಾವ್ದು ಬಲ ಯಾವ್ದು ಈಗ?"

"ದೇವರಿಗೆ ಎಂಥ ಎಡಾ ಬಲಾ? ಹೊಲಸು ಎಣ್ಣಿ ಮೆತ್ತಿದ್ದನ್ನ ಹಂಗ ಪೂಜಿ ಮಾಡ್ಲೇನು? ನಿಮ್ಮ ಮಾಮಾನ ಜೀವ ಅದರ ಮ್ಯಾಲ ಐತಿ ಅಂತ ಕೂತು ತಿಕ್ಕೀನಿ," ಎಂದಳು ಅಕ್ಕ. ಅವಳ ಕಣ್ಣಲ್ಲಿ ನೀರಾಡಿತು. ಗಂಡನ ಓಡಾಟ ನಿಲ್ಲಬೇಕು ಎಂದು ಹಟ ಹಿಡಿದವಳೇ ಅವನ ಗಾಡಿಯ ಸಾಮಾನಿಗೆ ಹೂ ಏರಿಸಿದ್ದು ನೋಡಿ ನನ್ನ ಸಿಟ್ಟು ಅರ್ಧಕ್ಕೆ ನಿಂತಿತು.

ಮಾಮಾ ಮಾತ್ರ ನಕ್ಕುಬಿಟ್ಟರು. "ಚುಕ್ಕಿ ಹೊಡದೀನಲ್ಲ, ಯಾಕ ಹೊಯ್ಕೋತಿ? ಕ್ಯಾಪ್ ತನ್ನ ಜಾಗಾ ತಾನ ಹೇಳ್ತೈತಿ."

ದಸರೆಯ ದಿನ ಬೆಳಿಗ್ಗೆ, ಸಾಮಾನಿಗೆ ಕೈ ಮುಗಿದು ಎತ್ತಿಕೊಂಡು ಶೆಡ್ಡಿಗೆ ಹೋದೆವು. ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ಕೂತು ಶೇಂಗಾ ಹೋಳಿಗೆಯ ಹೂರಣ ಅರೆಯುತ್ತ ನಮ್ಮನ್ನೇ ನೋಡುತ್ತಿದ್ದಳು. ಪಿನಿಯನ್ ಕೂತಿತು. ಹೊಸ ಬೇರಿಂಗ್ ಹಾಕಿದ ಕ್ರೌನ್ ಕೂತಿತು. ಮಾಮಾ ಒಂದು ಕ್ಯಾಪು ಎತ್ತಿಕೊಂಡು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಸವರಿ, "ಎಡದ್ದು," ಎಂದು ಕೂಡಿಸಿದರು. ಇನ್ನೊಂದನ್ನು ಬಲಕ್ಕೆ ಕೂಡಿಸಿದರು. ಬೋಲ್ಟು ಬಿಗಿದು ಕ್ರೌನನ್ನು ಕೈಯಿಂದ ತಿರುಗಿಸಿದರು. ತಿರುಗಲಿಲ್ಲ.

"ಶಿಮ್ಮು ದಪ್ಪಾತು," ಎಂದರು. ಬಿಚ್ಚಿ ತೆಳುವಾದ ಶಿಮ್ಮು ಹಾಕಿದೆವು. ಬಿಗಿದೆವು. ತಿರುಗಲಿಲ್ಲ. "ಬೇರಿಂಗ್ ಖೊಟ್ಟಿ ಕೊಟ್ಟಾನ ಮಗ," ಎಂದರು. ಮತ್ತೆ ಬಿಚ್ಚಿದೆವು. ಕ್ಯಾಪು ಬಿಚ್ಚಿದಾಗ ಕ್ರೌನ್ ಸಲೀಸಾಗಿ ತಿರುಗುತ್ತಿತ್ತು, ಬಿಗಿದರೆ ಕಲ್ಲಾಗುತ್ತಿತ್ತು. ಮಾಮಾನ ಹಣೆಯ ಬೆವರು ಮೂಗಿನಿಂದ ತೊಟ್ಟಿಕ್ಕತೊಡಗಿತು. ಪಾನಾ ಜಾರಿ ಬೆರಳಿನ ಗೆಣ್ಣು ಕಿತ್ತಿತು. ರಕ್ತ ಒರೆಸಿಕೊಂಡು ಪಾನಾವನ್ನು ಶೆಡ್ಡಿನ ಮೂಲೆಗೆ ಬೀಸಿ ಒಗೆದರು. ತಗಡು ಗಣಗಣ ಎಂದಿತು, ಅಡಿಗೆಮನೆಯಲ್ಲಿ ಅರೆಯುವ ಸದ್ದು ನಿಂತಿತು.

ನಾನು ಪಾನಾ ತರಲು ಎದ್ದವಳು ಅಲ್ಲೇ ನಿಂತೆ. ನಿಂತಲ್ಲಿಂದಲೇ ಕಾಣುತ್ತಿತ್ತು. ಎಡದ ಕ್ಯಾಪಿನ ಮೇಲೆ ಎರಡು ಚುಕ್ಕೆ.

"ಮಾಮಾ, ಕ್ಯಾಪು ಅದಲಿ ಬದಲಿ ಆಗ್ಯಾವ."

"ಇಲ್ಲ. ನೋಡೇ ಹಾಕೀನಿ."

"ಎರಡು ಚುಕ್ಕಿ ಎಡಕ್ಕ ಅದಾವ ನೋಡ್ರಿ."

ಅವರು ಬಗ್ಗಿದರು. ಮುಖವನ್ನು ಕ್ಯಾಪಿನ ಹತ್ತಿರ ತಂದರು, ಹಿಂದಕ್ಕೆ ತಂದರು, ತಲೆಯನ್ನು ಓರೆ ಮಾಡಿದರು. "ನಿಮ್ಮಕ್ಕನ ವಿಭೂತಿ ತುಂಬಿಕೊಂಡೈತಿ ಅದರಾಗ," ಎಂದರು. ವಿಭೂತಿ ಇರಲಿಲ್ಲ. ಎಣ್ಣೆ ಬಟ್ಟೆಯಿಂದ ನಾನೇ ಒರೆಸಿ ಕೊಟ್ಟಿದ್ದೆ. ಅವರು ಚುಕ್ಕೆ ಎಲ್ಲಿದೆಯೋ ಅಲ್ಲಿ ಬೆರಳಿಡದೆ ಅದರ ಪಕ್ಕ ಬೆರಳಾಡಿಸುತ್ತಿದ್ದರು.

ನನಗೆ ಹೆದರಿಕೆಯಾಯಿತು. ಹೆದರಿಕೆಯಾದಾಗ ನನ್ನ ಬಾಯಿಂದ ಹೊರಡುವುದು ಸಿಟ್ಟೇ. "ಖರೆ ಹೇಳ್ರಿ ಮಾಮಾ, ನಿಮಗ ಕಾಣ್ತಾವೋ ಇಲ್ಲೋ?" ಎಂದೆ, ಅಡಿಗೆಮನೆಗೆ ಕೇಳುವಷ್ಟು ದೊಡ್ಡ ದನಿಯಲ್ಲಿ.

ಮಾಮಾ ಎದ್ದು ನಿಂತರು. ಅಷ್ಟು ಕೆಂಪಾದ ಅವರ ಮುಖವನ್ನು ನಾನು ನೋಡಿರಲಿಲ್ಲ. "ನನ್ನ ವಯಸ್ಸಿಗೆ ಹತ್ರದ್ದು ಯಾರಿಗೆ ಕಾಣ್ತೈತಿ? ನಿಮ್ಮಪ್ಪ ಚಾಳೀಸಿನ ಚಷ್ಮಾ ಇಲ್ದ ಪೇಪರ್ ಓದ್ತಾನೇನು? ಗಾಡಿ ಓಡಸೂದು ರಸ್ತೆ ಮ್ಯಾಲ. ಕ್ಯಾಪಿನ ಚುಕ್ಕಿ ಮ್ಯಾಲ ಅಲ್ಲ!"

ಆ ಮಾತು ಸುಳ್ಳೆನ್ನಲು ಬರುವಂತಿರಲಿಲ್ಲ, ನಂಬಲೂ ಧೈರ್ಯವಿರಲಿಲ್ಲ. ಮೂಲೆಗೆ ಹೋಗಿ ಪಾನಾ ಎತ್ತಿಕೊಂಡು ಬಂದೆ. ಆಮೇಲೆ ಅವರೇ ಸಣ್ಣ ದನಿಯಲ್ಲಿ, "ಬದಲಿಸು," ಎಂದರು. ಬದಲಿಸಿ ಬಿಗಿದೆ. ಕ್ರೌನ್ ಒಂದೇ ಬೆರಳಿಗೆ ತಿರುಗಿತು.

ಅಲ್ಲಿಂದ ಮುಂದೆ ಅವರು ನೋಡುವ ನಟನೆ ಬಿಟ್ಟರು. ಹಲ್ಲಿಗೆ ಹಲ್ಲು ಎಲ್ಲಿ ತಾಗುತ್ತದೆ ಎಂದು ತಿಳಿಯಲು ಎಣ್ಣೆಯಲ್ಲಿ ಕಲಸಿದ ಸಿಂಧೂರವನ್ನು ಕ್ರೌನಿನ ಹಲ್ಲಿಗೆ ಹಚ್ಚಿ ತಿರುಗಿಸಬೇಕು. ತಾಗಿದ ಕಡೆ ಸಿಂಧೂರ ಅಳಿಸಿ ಹೋಗಿ ಗುರುತು ಮೂಡುತ್ತದೆ. ಹನುಮಪ್ಪನ ಗುಡಿಯ ಮುಂದಿನ ಅಂಗಡಿಯಿಂದ ತಂದ ಸಿಂಧೂರ ನೋಡಿ ಅಕ್ಕ, "ದೇವರಿಗೆ ಹಚ್ಚೂದನ್ನ ಇದಕ್ಕ ಹಚ್ತೀರೇನ್ರಿ?" ಎಂದು ಗೊಣಗಿದಳು. ಬೇರೆ ದಿನವಾಗಿದ್ದರೆ ಮಾಮಾ ತಿರುಗಿ ಒಂದು ಚಟಾಕಿ ಹಾರಿಸುತ್ತಿದ್ದರು. ಅವತ್ತು ಹಲ್ಲಿಗೆ ಸಿಂಧೂರ ಹಚ್ಚುತ್ತಲೇ ಹೋದರು.

"ಎಲ್ಲಿ ಬಿದ್ದೈತಿ ಹೇಳು," ಎಂದರು ನನಗೆ.

"ಹಲ್ಲಿನ ತಲಿ ಮ್ಯಾಲ. ಬುಡಕ್ಕ ಮುಟ್ಟೇ ಇಲ್ಲ."

"ಪಿನಿಯನ್ ದೂರ ಐತಿ. ಒಳಗ ತರಬೇಕು. ದಪ್ಪ ಶಿಮ್ಮು ಕೊಡು."

ಎಲ್ಲವನ್ನೂ ಹೊರತೆಗೆದು, ಬಡಿದು, ಕೂಡಿಸಿ, ಮತ್ತೆ ಸಿಂಧೂರ. ಈಗ ಗುರುತು ಬುಡಕ್ಕೆ ಹೋಗಿತ್ತು. ಮತ್ತೆ ಬಿಚ್ಚಿದೆವು. ಕ್ರೌನನ್ನು ಹಿಡಿದು ಅಲುಗಿಸಿ, ಹಲ್ಲುಗಳ ನಡುವಿನ ಆಟ ಎಷ್ಟಿದೆ ಎಂದು ಅವರು ಬೆರಳಲ್ಲೇ ಹೇಳುತ್ತಿದ್ದರು. ನಾನು ಅದನ್ನು ಅಳೆಯುವ ಡಯಲ್ ಗೇಜು ಇಟ್ಟು ನೋಡಿದರೆ ಹೆಚ್ಚು ಕಡಿಮೆ ಅಷ್ಟೇ ಇರುತ್ತಿತ್ತು. ಆ ಕೈ ನೋಡಿದಾಗ ನನಗೆ ಹೆಮ್ಮೆಯಾಗುತ್ತಿತ್ತು, ಆ ಕಣ್ಣು ಕಂಡರೆ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಮರುದಿನ ಸಂಜೆಗೆ ಗುರುತು ಹಲ್ಲಿನ ನಟ್ಟನಡುವೆ, ಹುಣಸೆ ಬೀಜದಷ್ಟು ಅಗಲಕ್ಕೆ ಬಂದು ಕೂತಿತು.

"ನಡುವ ಐತೇನು? ಖರೆ ಹೇಳು. ನನ್ನ ಖುಷಿಗೆ ಹೇಳಬ್ಯಾಡ."

"ನಡುವ ಐತಿ ಮಾಮಾ. ಖರೆ."

ಅವರು ನೆಲದ ಮೇಲೆ ಕೂತು ಗೋಡೆಗೆ ಒರಗಿದರು. ಅವತ್ತು ಊಟಕ್ಕೆ ಬಡಿಸುವಾಗ ಅಕ್ಕ, "ಅವರೇ ಕೂಡಿಸಿದ್ರೇನು?" ಎಂದು ನನ್ನನ್ನು ಮೆಲ್ಲಗೆ ಕೇಳಿದಳು.

"ಕೈ ಅವರ್ದು, ಕಣ್ಣು ನಂದು," ಎಂದೆ. ಅಕ್ಕ ನಾನು ಕೇಳದೆಯೇ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಇನ್ನು ರಸ್ತೆಯೊಂದೇ ಬಾಕಿ ಎಂಬುದು ಮೂವರಿಗೂ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಬಿಸಿಲು ಏರುವ ಮೊದಲೇ ಹೊರಟೆವು. ಮಾಮಾ ಸ್ಟೇರಿಂಗಿನಲ್ಲಿ, ನಾನು ಅವರ ಎಡಕ್ಕೆ. ಗೇಟನ್ನು ಕಂಬ ಮುಟ್ಟದೆ ದಾಟಿದರು. ಅಕ್ಕ ಕಂಬದ ಪಕ್ಕದಲ್ಲೇ ನಿಂತು ನೋಡಿದಳು. ಟ್ಯಾಂಕ್‌ಬಂಡ್ ಹಾದು, ಅಂಗಡಿಗಳು ಬಾಗಿಲು ಮುಚ್ಚಿದ್ದ ಅಬಿಡ್ಸ್ ಹಾದು, ಶಂಶಾಬಾದಿನ ರಸ್ತೆ ಹಿಡಿದೆವು. ನಾನು ಕಿವಿಯನ್ನು ಹಿಂದಕ್ಕೆ ಇಟ್ಟು ಕೂತಿದ್ದೆ. ಎಕ್ಸಿಲರೇಟರ್ ಒತ್ತಿದರೆ ಊಳಿಲ್ಲ, ಬಿಟ್ಟರೆ ಊಳಿಲ್ಲ. ಧಡಕ್ ಎನ್ನುವ ಒದೆತವೂ ಇಲ್ಲ. ಅಷ್ಟು ವರ್ಷ ಕೂಗಾಡದೆ ಮಾತಾಡಲು ಆಗದಿದ್ದ ಜೀಪಿನಲ್ಲಿ ಮಾಮಾ ಸಾದಾ ದನಿಯಲ್ಲಿ, "ಕೇಳ್ತೈತೇನು?" ಎಂದರು.

"ಏನೂ ಕೇಳವಲ್ದು ಮಾಮಾ!"

ಇಬ್ಬರೂ ನಕ್ಕೆವು. ಅವರು ಗೆದ್ದರು ಎಂದೇ ನಾನು ನಂಬಿದೆ. ಅಕ್ಕನಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳತೊಡಗಿದೆ.

ಶಂಶಾಬಾದ್ ದಾಟಿದ ಮೇಲೆ ರಸ್ತೆ ಖಾಲಿ ಇತ್ತು. ವಿಮಾನ ನಿಲ್ದಾಣ ಕಟ್ಟಲು ಮಣ್ಣು ಹೊರುವ ಲಾರಿಗಳು ಆಗೊಂದು ಈಗೊಂದು ಹೋಗುತ್ತಿದ್ದವು. ಮುಂದೆ, ನಮ್ಮದೇ ಬದಿಯಲ್ಲಿ, ಲಾರಿಯೊಂದು ಕೆಟ್ಟು ನಿಂತಿತ್ತು. ಹಿಂದಿನಿಂದ ಬರುವವರಿಗೆ ಗೊತ್ತಾಗಲೆಂದು ಅದರ ಡ್ರೈವರು ಬಹಳ ಈಚೆಯೇ ರಸ್ತೆಯ ಮೇಲೆ ಕಲ್ಲಿನ ಸಾಲಿಟ್ಟು, ಬೇವಿನ ಕೊಂಬೆಯೊಂದನ್ನು ಸಿಕ್ಕಿಸಿದ್ದ. ನಾನು ಅದನ್ನು ದೂರದಿಂದಲೇ ನೋಡಿದೆ. ಮಾಮಾನೂ ನೋಡಿರುತ್ತಾರೆ, ಈಗ ಬಲಕ್ಕೆ ತಿರುಗಿಸುತ್ತಾರೆ ಎಂದುಕೊಂಡೆ.

ತಿರುಗಿಸಲಿಲ್ಲ. ಇನ್ನೂ ದೂರವಿದೆ, ಅವಸರವೇಕೆ ಎಂದುಕೊಂಡೆ. ನಾನು ಹೇಳಿಬಿಟ್ಟರೆ ಅದು ಪರೀಕ್ಷೆ ಹೇಗಾದೀತು ಎಂದು ಹಲ್ಲು ಕಚ್ಚಿ ಕೂತೆ. ಅವರ ಮುಖ ನೋಡಿದೆ. ಹಾಯಾಗಿತ್ತು. ಸದ್ದಿಲ್ಲದ ಗಾಡಿಯ ಖುಷಿಯಲ್ಲಿ ತುಟಿಯ ಮೇಲೆ ಇನ್ನೂ ನಗುವಿತ್ತು. ಕೈ ಸ್ಟೇರಿಂಗಿನ ಮೇಲೆ ಒಂಚೂರೂ ಅಲುಗಲಿಲ್ಲ. ಎಲೆಗಳನ್ನು ಬಿಡಿಬಿಡಿಯಾಗಿ ನೋಡುವಷ್ಟು ಹತ್ತಿರಕ್ಕೆ ಆ ಬೇವಿನ ಕೊಂಬೆ ಬಂತು.

"ಮಾಮಾ, ಕಲ್ಲು!"

ಬ್ರೇಕು ಬಿತ್ತು. ನನ್ನ ಹಣೆ ಮುಂದಿನ ಕಬ್ಬಿಣಕ್ಕೆ ಬಡಿಯಿತು. ಮುಂದಿನ ಗಾಲಿ ಒಂದು ಕಲ್ಲನ್ನು ಉರುಳಿಸಿ, ಕೊಂಬೆಯನ್ನು ಅಡಿಗೆ ಹಾಕಿಕೊಂಡು ನಿಂತಿತು. ಇಂಜಿನ್ ಆರಿತು. ಮಾಮಾ ನನ್ನ ಕಡೆ ತಿರುಗಿ ಕೇಳಿದರು:

"ಯಾವ ಕಲ್ಲು?"

ಅಷ್ಟರಲ್ಲಿ ಲಾರಿಯ ಕೆಳಗೆ ಮಲಗಿ ರಿಪೇರಿ ಮಾಡುತ್ತಿದ್ದ ಡ್ರೈವರು ತೆವಳಿ ಹೊರಬಂದು, ಕೈ ಬೀಸುತ್ತ ಓಡಿ ಬಂದ. "ಅಂಧೇ ಹೋ ಕ್ಯಾ? ದಿಖ್ತಾ ನಹೀ ಕ್ಯಾ?" ಎಂದು ಕೂಗಿದ. ಕುರುಡನೇನು, ಕಾಣುವುದಿಲ್ಲವೇನು ಎಂಬುದು ಈ ಊರಿನ ರಸ್ತೆಯಲ್ಲಿ ದಿನಕ್ಕೆ ನೂರು ಸಲ ಕೇಳುವ ಬೈಗುಳ. ಮಾಮಾ ಅದಕ್ಕೆ ಎಂದೂ ಬಾಕಿ ಉಳಿಸಿಕೊಂಡವರಲ್ಲ, ಬೈದವನ ಮೂರು ತಲೆಮಾರು ಎಳೆದು ತರುತ್ತಿದ್ದರು. ನಾನು ಅವರ ತೋಳು ಹಿಡಿಯಲು ಕೈ ಚಾಚಿದೆ.

ಅವರು ಕಿಟಕಿಯಿಂದ ತಲೆ ಹೊರಹಾಕಿ, ಮೆತ್ತಗೆ, "ನೈ ಭಾಯ್. ನೈ ದಿಖಾ," ಎಂದರು. ಇಲ್ಲಪ್ಪ, ಕಾಣಲಿಲ್ಲ.

ಡ್ರೈವರನ ಕೈ ಅರ್ಧದಲ್ಲೇ ನಿಂತಿತು. ಅವನು ಮಾಮಾನನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ಬಗ್ಗಿ ಗಾಲಿಯ ಅಡಿಯಿಂದ ಕೊಂಬೆ ಎಳೆದುಕೊಂಡ. ಮಾಮಾ ಇಳಿದರು. ಬಾನೆಟ್ಟಿನ ಮೇಲೆ ಒಂದು ಕೈ ಆಡಿಸುತ್ತ, ಮುಂದಿನಿಂದ ಸುತ್ತಿ ಬಂದು ನನ್ನ ಬಾಗಿಲಲ್ಲಿ ನಿಂತರು. ನಾನು ಅತ್ತುಕೊಂಡೇ ಒಳಗಿನಿಂದ ಆ ಬದಿಗೆ ಸರಿದೆ. ಅವರು ನನ್ನ ಜಾಗದಲ್ಲಿ ಕೂತರು. ಒಳಗೆ ಊಳಿಲ್ಲ, ಒದೆತವಿಲ್ಲ, ದೂರಲು ಏನೂ ಉಳಿದಿರಲಿಲ್ಲ. ಬಹಳ ದೂರ ಬಂದ ಮೇಲೆ ಒಂದೇ ಮಾತಾಡಿದರು. "ಕ್ಲಚ್ಚಿನ ಮ್ಯಾಲ ಕಾಲಿಟ್ಕೊಂಡು ಓಡಸಬ್ಯಾಡ. ಪ್ಲೇಟ್ ಸುಡ್ತೈತಿ." ನಾನು ಕಾಲು ತೆಗೆದೆ.

ಅಕ್ಕ ಗೇಟು ತೆಗೆದಳು. ಎಷ್ಟೋ ವರ್ಷದ ರೂಢಿಯಂತೆ ನೇರವಾಗಿ ಬಲಗಡೆಯ ಕಿಟಕಿಗೆ ಬಂದು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, "ಸದ್ದು ಹೋತೇನ್ರಿ?" ಎಂದು ಬಗ್ಗಿದಳು. ಅಲ್ಲಿ ನಾನಿದ್ದೆ.

"ಹೋತು," ಎಂದರು ಮಾಮಾ ಎಡಗಡೆಯಿಂದ.

ಅಕ್ಕ ಅವರನ್ನು ನೋಡಿದಳು, ಸ್ಟೇರಿಂಗಿನ ಮೇಲಿದ್ದ ನನ್ನ ಕೈ ನೋಡಿದಳು. ವರ್ಷದಿಂದ ಅವಳು ಬೇಡಿಕೊಂಡದ್ದು ಇದನ್ನೇ. ಕಿಟಕಿಯ ಕಬ್ಬಿಣ ಹಿಡಿದುಕೊಂಡು, ನೆರೆಯವರು ಇಣುಕುವಷ್ಟು ಜೋರಾಗಿ ಅಳತೊಡಗಿದಳು.

"ಏ, ಗಾಡಿ ಚೊಲೋ ಆಗೇತಿ. ಅಳ್ತಿ ಯಾಕ?" ಎಂದರು ಮಾಮಾ.